ರಾತ್ರಿ ಎಣಿಸುವ ಅವರೆ ಬಳ್ಳಿ

ಮೊದಲ ವರ್ಷ ನಮ್ಮ ಅವರೆ ಬಳ್ಳಿ ಎಂಟಡಿ ಚಪ್ಪರವನ್ನೆಲ್ಲ ತುಂಬಿಕೊಂಡು, ಜಾಗ ಸಾಲದೆ ಪಕ್ಕದ ಮರವನ್ನೂ ಹಿಡಿಯಿತು. ಎಲೆ ಅಂದರೆ ಎಲೆ. ಒಂದೊಂದೂ ಅಂಗೈ ಅಗಲ. ಜೂನ್ ಮುಗಿಯಿತು, ಜುಲೈ ಮುಗಿಯಿತು, ಆಗಸ್ಟೂ ಹೋಯಿತು. ಒಂದೇ ಒಂದು ಹೂವಿಲ್ಲ. ಗೊಬ್ಬರ ಜಾಸ್ತಿಯಾಯಿತೇನೋ ಅಂದುಕೊಂಡು ಗೊಬ್ಬರ ನಿಲ್ಲಿಸಿದೆ. ನೀರು ಜಾಸ್ತಿಯಾಯಿತೇನೋ ಅಂತ ನೀರು ಕಡಿಮೆ ಮಾಡಿದೆ. ಕುಡಿ ಚಿವುಟಿ ನೋಡಿದೆ. ಬಳ್ಳಿ ತನ್ನ ಪಾಡಿಗೆ ತಾನು ಎಲೆ ಬಿಡುತ್ತಲೇ ಇತ್ತು.

ಸೆಪ್ಟೆಂಬರ್ ಕೊನೆಗೆ ಒಂದು ಬೆಳಿಗ್ಗೆ ನೋಡುತ್ತೇನೆ, ಎಲೆಗಳ ಸಂದಿಯಿಂದ ನೆಟ್ಟಗೆ ಹೂವಿನ ಕಡ್ಡಿಗಳು ಎದ್ದಿವೆ. ವಾರದಲ್ಲಿ ಚಪ್ಪರದ ತುಂಬ ಹೂ. ಅಕ್ಟೋಬರಿನಲ್ಲಿ ಚಪ್ಪಟೆ ಹೀಚು. ಇನ್ನೇನು ಕಾಳು ಕಟ್ಟಬೇಕು, ನವೆಂಬರ್ ಮೊದಲ ವಾರದ ಒಂದು ರಾತ್ರಿ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ, ಬಿತ್ತು. ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಪುಡಿ ಉಪ್ಪು ಚೆಲ್ಲಿದ ಹಾಗೆ ಬಿಳಿ. ಬಿಸಿಲು ಬಿದ್ದು ಅದು ಕರಗುವ ಹೊತ್ತಿಗೆ ಇಡೀ ಅವರೆ ಬಳ್ಳಿ, ಮೇಲಿಂದ ಬಿಸಿನೀರು ಹುಯ್ದಂತೆ, ಕಪ್ಪಾಗಿ ಜೋತುಬಿದ್ದಿತ್ತು.

ಫೋನಿನಲ್ಲಿ ಅಮ್ಮನಿಗೆ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಕೇಳಿದರು, "ಅಲ್ಲಿ ಕತ್ತಲಾಗೋದು ಎಷ್ಟೊತ್ತಿಗೆ ಕಣೆ?"

ಬೇಸಿಗೆಯಲ್ಲಿ ಎಂಟೂವರೆ ಅಂದೆ.

"ಹಂಗಾದ್ರೆ ಅದು ಹೆಂಗೆ ಹೂ ಬಿಟ್ಟೀತು? ಅವರೆಗೆ ಹೊತ್ತು ಕುಗ್ಗಬೇಕು."

ನಮ್ಮೂರು ಮಾಗಡಿ ಕಡೆ. ಈಗ ಇರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿ ಪಕ್ಕದ ಕ್ಯಾರಿಯಲ್ಲಿ. ಈ ಎರಡು ಊರಿಗೂ ಒಂದು ಹೋಲಿಕೆ ಇದೆ, ಅದು ಮಣ್ಣು. ಮನೆ ಕೊಂಡ ವಾರ ಹಿತ್ತಲಲ್ಲಿ ಗುದ್ದಲಿ ಹಾಕಿದಾಗ ಕೆಳಗಿನಿಂದ ಕೆಂಪು ಮಣ್ಣು ಬಂತು. ಅಲ್ಲಿಯಂತೆಯೇ ಕಬ್ಬಿಣದ ಅಂಶದಿಂದ ಬಂದ ಕೆಂಪು. ಒಂದು ಹಿಡಿ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ. ಒದ್ದೆಯಾದರೆ ಮೆಟ್ಟಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಇಟ್ಟಿಗೆ. ಜೊತೆಗೆ ಹುಳಿ ಮಣ್ಣು. ಸುಣ್ಣ ಹಾಕದೆ ಕೋಸಿನ ಜಾತಿಯ ಪೈರು ಮೇಲೇಳುವುದಿಲ್ಲ. ಎಷ್ಟು ಸುಣ್ಣ ಅಂತ ಊಹೆಯಲ್ಲಿ ಹಾಕುವುದು ಬೇಡ. ಈ ರಾಜ್ಯದ ಕೃಷಿ ಇಲಾಖೆ ಮಣ್ಣು ಪರೀಕ್ಷೆ ಮಾಡಿಕೊಡುತ್ತದೆ. ಏಪ್ರಿಲಿನಿಂದ ನವೆಂಬರ್‌ವರೆಗೆ ದುಡ್ಡಿಲ್ಲ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಂದು ಸ್ಯಾಂಪಲ್‌ಗೆ 4 ಡಾಲರ್. ಪ್ರತಿ ಜಿಲ್ಲೆಯಲ್ಲೂ ಕೃಷಿ ವಿಸ್ತರಣಾ ಕಚೇರಿ ಇದೆ, ಅಲ್ಲಿ ಪುಟ್ಟ ರಟ್ಟಿನ ಡಬ್ಬಿ ಕೊಡುತ್ತಾರೆ. ಇಲ್ಲಿರುವ ಕನ್ನಡದವರು ಯಾರಾದರೂ ಓದುತ್ತಿದ್ದರೆ, ಬೀಜ ಕೊಳ್ಳುವ ಮೊದಲು ದಯವಿಟ್ಟು ಇದನ್ನು ಮಾಡಿಸಿ.

ಅಮ್ಮ ಅಂದ "ಹೊತ್ತು ಕುಗ್ಗಬೇಕು" ಅನ್ನುವ ಮಾತು ತಲೆಯಲ್ಲಿ ಉಳಿಯಿತು. ನಮ್ಮ ಕಡೆ ಅವರೆಯನ್ನು ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಬಿತ್ತುತ್ತಾರೆ. ಆಷಾಢ, ಶ್ರಾವಣದ ಮಾತು. ರಾಗಿ ಕೊಯ್ಲಾಗುವವರೆಗೆ ಅವರೆ ನೆಲದಲ್ಲೇ ಹರಡಿಕೊಂಡು ಸುಮ್ನೆ ಇರುತ್ತದೆ. ಹೊಲದಿಂದ ರಾಗಿ ಹೊರಟ ಮೇಲೆ ಹೊಲವೆಲ್ಲ ಅವರೆಯದೇ. ಇಬ್ಬನಿ ಬಿದ್ದಷ್ಟೂ ಸೊಗಡು. ಸಂಕ್ರಾಂತಿಗೆ ಗೆಣಸು, ಕಡಲೆಕಾಯಿ ಜೊತೆ ಬೇಯಿಸಲು ಅವರೆಕಾಯಿ ಇರಲೇಬೇಕು. ಇದನ್ನೆಲ್ಲ ನೋಡಿಕೊಂಡೇ ಬೆಳೆದವಳು ನಾನು. ಆದರೆ ಅವರೆ ಆ ತಿಂಗಳುಗಳಿಗೆ ಯಾಕೆ ಕಾಯುತ್ತದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಚಳಿಗೆ ಅಂದುಕೊಂಡಿದ್ದೆ.

ಚಳಿಗಲ್ಲ, ಕತ್ತಲೆಗೆ. ಇದನ್ನು ಮೊದಲು ಕಂಡುಕೊಂಡಿದ್ದು ನಾನಿರುವ ಜಾಗದಿಂದ ನಾಲ್ಕೈದು ಗಂಟೆ ಡ್ರೈವ್ ದೂರದಲ್ಲಿ ಅಂತ ಗೊತ್ತಾದಾಗ ಮೈ ಜುಮ್ಮೆಂದಿತು. ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ, ಈಗ ಪೆಂಟಗನ್ ಇರುವ ಆಸುಪಾಸಿನಲ್ಲಿ, ಆಗ ಸರ್ಕಾರಿ ಕೃಷಿ ಫಾರ್ಮ್ ಇತ್ತು. ಅಲ್ಲಿ ಗಾರ್ನರ್ ಮತ್ತು ಅಲಾರ್ಡ್ ಅನ್ನುವ ಇಬ್ಬರು ವಿಜ್ಞಾನಿಗಳು ಮೇರಿಲ್ಯಾಂಡ್ ಮ್ಯಾಮತ್ ಅನ್ನುವ ಹೊಗೆಸೊಪ್ಪಿನ ತಳಿಯೊಂದರ ಹಿಂದೆ ಬಿದ್ದಿದ್ದರು. ಅದೂ ನನ್ನ ಅವರೆಯ ಹಾಗೆಯೇ. ಬೇಸಿಗೆಯೆಲ್ಲ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗಿಟ್ಟರೆ ಗಿಡ್ಡ ಗಿಡವೂ ಹೂ ಬಿಡುತ್ತಿತ್ತು. ಬಿಸಿ, ನೀರು, ಗೊಬ್ಬರ ಎಲ್ಲ ಬದಲಿಸಿ ನೋಡಿದರು. 1918ರ ಜುಲೈನಲ್ಲಿ ಕುಂಡಗಳನ್ನು ಸಂಜೆ ನಾಲ್ಕಕ್ಕೆ ಒಂದು ಕತ್ತಲೆ ಗೂಡಿನೊಳಗಿಟ್ಟು, ಬೆಳಿಗ್ಗೆ ಒಂಬತ್ತಕ್ಕೆ ಈಚೆ ತರಲು ಶುರು ಮಾಡಿದರು. ನಡು ಬೇಸಿಗೆಯಲ್ಲೇ ಹೊಗೆಸೊಪ್ಪು ಹೂ ಬಿಟ್ಟಿತು. 1920ರಲ್ಲಿ ಅವರು ಅದನ್ನು ಪ್ರಕಟಿಸಿದರು. ಗಿಡಕ್ಕೆ ಹಗಲಿನ ಅಳತೆ ತಿಳಿಯುತ್ತದೆ ಅಂತ ಲೋಕಕ್ಕೆ ಗೊತ್ತಾಯಿತು. ಮುಂದೆ 1938ರಲ್ಲಿ ಇನ್ನಿಬ್ಬರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ತೋರಿಸಿದರು. ಇಂಥ ಗಿಡಗಳು ನಿಜಕ್ಕೂ ಅಳೆಯುವುದು ರಾತ್ರಿಯನ್ನು. ರಾತ್ರಿಯ ನಡುವೆ ಸ್ವಲ್ಪ ಬೆಳಕು ಬಿದ್ದರೂ ಲೆಕ್ಕ ತಪ್ಪುತ್ತದೆ.

ಆ ಕೊನೆಯ ವಾಕ್ಯ ಓದಿ ಮುಂದೆ ಹೋಗಿಬಿಟ್ಟಿದ್ದೆ. ಅದು ನಮ್ಮ ಹಿತ್ತಲಿಗೇ ಬಂದು ನಿಂತಿದ್ದು ಮೂರನೇ ವರ್ಷ. ಅದಕ್ಕೆ ಆಮೇಲೆ ಬರುತ್ತೇನೆ.

ಮಾಗಡಿಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ, ಅಷ್ಟೇ. ಅಷ್ಟರಲ್ಲೇ ಅವರೆ ಕಾಲ ತಿಳಿಯುತ್ತದೆ. ರಾಲಿಯಲ್ಲಿ ಆ ವ್ಯತ್ಯಾಸ ಹತ್ತಿರ ಹತ್ತಿರ ಐದು ಗಂಟೆ. ಜೂನಿನಲ್ಲಿ ಹದಿನಾಲ್ಕೂವರೆ ಗಂಟೆ ಹಗಲು, ಡಿಸೆಂಬರಿನಲ್ಲಿ ಹತ್ತು ಗಂಟೆಗೂ ಕಡಿಮೆ. ಹಗಲು ಹನ್ನೆರಡು ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಹೂ ಬಂದದ್ದೂ ಆಗಲೇ. ಅಲ್ಲಿಂದ ಕಾಯಿ ತುಂಬಲು ಒಂದೂವರೆ ತಿಂಗಳಾದರೂ ಬೇಕು. ಮೊದಲ ಫ್ರಾಸ್ಟ್ ಬೀಳುವುದು ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ವಾರ. ಊರಲ್ಲಿ ಅವರೆಗೆ ಕತ್ತಲೆ ಬರುತ್ತದೆ, ಜೀವ ತೆಗೆಯುವ ಚಳಿ ಬರುವುದಿಲ್ಲ. ಇಲ್ಲಿ ಎರಡೂ ಒಂದರ ಹಿಂದೆ ಒಂದು ಬರುತ್ತವೆ.

ಈ ಲೆಕ್ಕ ಅರ್ಥವಾದ ಮೇಲೆ ನನಗೆ ಇಲ್ಲಿಯ ಫಾಲ್ ತೋಟವೇ, ಅಂದರೆ ಬೇಸಿಗೆ ಮುಗಿದು ಚಳಿಗಾಲ ಬರುವ ನಡುವಿನ ತೋಟವೇ, ಬೇರೆಯಾಗಿ ಕಾಣತೊಡಗಿತು. ಅಲ್ಲಿಯವರೆಗೆ ಬೇಸಿಗೆಯ ಟೊಮೆಟೊ, ಬೆಂಡೆ ಮುಗಿದ ಮೇಲೆ ಮಿಕ್ಕ ಜಾಗದಲ್ಲಿ ಏನಾದರೂ ಚೆಲ್ಲುವುದು ಅಂದುಕೊಂಡಿದ್ದೆ. ಅದು ತಪ್ಪು. ಬೇಸಿಗೆಯಲ್ಲಿ ಒಂದು ವಾರ ತಡವಾದರೆ ಕಾಯಿ ಒಂದು ವಾರ ತಡ. ಫಾಲ್‌ನಲ್ಲಿ ಒಂದು ವಾರ ತಡವಾದರೆ ಕೆಲವು ಬೆಳೆ ಬರುವುದೇ ಇಲ್ಲ. ದಿನದಿನಕ್ಕೆ ಬೆಳಕು ಕಡಿಮೆಯಾಗುತ್ತಿರುತ್ತದೆ, ಬೆಳವಣಿಗೆಯೂ ನಿಧಾನವಾಗುತ್ತಿರುತ್ತದೆ. ಅದಕ್ಕೇ ಇಲ್ಲಿಯವರು ಮೊದಲ ಫ್ರಾಸ್ಟ್ ಬೀಳುವ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಬೀಜದ ಪೊಟ್ಟಣದ ಮೇಲೆ ಮೂಲಂಗಿಗೆ 55 ದಿನ ಅಂತಿದ್ದರೆ ಅದಕ್ಕೆ 14 ದಿನ ಸೇರಿಸಬೇಕು. 69 ಆಯಿತು. ನವೆಂಬರ್ 1ರಿಂದ ಹಿಂದಕ್ಕೆ ಎಣಿಸಿದರೆ ಆಗಸ್ಟ್ 24. ಅಂದರೆ ಮನೆಯೊಳಗೆ ಏಸಿ ಓಡುತ್ತಿರುವಾಗ, ಹೊರಗೆ ನೆಲ ಮುಟ್ಟಿದರೆ ಸುಡುವಾಗ, ಚಳಿಗಾಲದ ತರಕಾರಿ ಬಿತ್ತಬೇಕು. ಮೂಲಂಗಿಗೆ ಸಣ್ಣ ಫ್ರಾಸ್ಟ್‌ನಿಂದ ಏನೂ ಆಗುವುದಿಲ್ಲ, ಹತ್ತು ದಿನ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಹುರುಳಿಕಾಯಿಗೆ ಆ ಸಲಿಗೆ ಇಲ್ಲ.

ನವೆಂಬರ್ ಕೊನೆಯ ವಾರದಿಂದ ಜನವರಿ ನಡುವಿನವರೆಗೆ ಇಲ್ಲಿ ಹಗಲು ಹತ್ತು ಗಂಟೆಗಿಂತ ಕಡಿಮೆ. ಆ ಸಮಯದಲ್ಲಿ ಸೊಪ್ಪು ಸಾಯುವುದಿಲ್ಲ, ಆದರೆ ಬೆಳೆಯುವುದೂ ಇಲ್ಲ. ನಿಂತಲ್ಲೇ ನಿಂತಿರುತ್ತದೆ. ಅಷ್ಟರೊಳಗೆ ಬೆಳೆದು ನಿಂತಿದ್ದರೆ ಚಳಿಗಾಲವಿಡೀ ಬೇಕೆಂದಾಗ ಕಿತ್ತುಕೊಳ್ಳಬಹುದು. ಮಡಿಯೇ ಫ್ರಿಜ್ ಇದ್ದ ಹಾಗೆ.

ಮೂರನೇ ವರ್ಷ ಅಮ್ಮ ಬಂದರು. ಮೇ ನಡುವಿನಲ್ಲಿ ಬಂದು ಆರು ತಿಂಗಳು ಇದ್ದರು. ಬರುವ ಮೊದಲೇ ಅವರೆ ಬೀಜ ತರುತ್ತೇನೆ ಅಂದಿದ್ದರು. ಸೆರಗಿನ ತುದಿಗೆ ಕಟ್ಟಿಕೊಂಡು ಬಂದರೆ ಯಾರಿಗೆ ಕಾಣುತ್ತದೆ ಅನ್ನುವುದು ಅವರ ವಾದ. ಬೇಡಮ್ಮ ಅಂದೆ. ಈ ದೇಶಕ್ಕೆ ಸರಿಯಾದ ದಾಖಲೆ ಇಲ್ಲದೆ ಬೀಜ ತರುವಂತಿಲ್ಲ. ಒಂದು ಕಾಳಿನ ಜೊತೆ ಇಲ್ಲಿಲ್ಲದ ರೋಗವೋ ಹುಳುವೋ ಬಂದರೆ ಇಲ್ಲಿಯ ರೈತರು ಅನುಭವಿಸಬೇಕು. ರೈತರ ಮನೆಯಲ್ಲಿ ಹುಟ್ಟಿ ಆ ಕೆಲಸ ನಾವು ಮಾಡಬಾರದು ಅಲ್ವಾ? ಅಮ್ಮ ಒಪ್ಪಿದರು. ಬೀಜವನ್ನು ಇಲ್ಲಿಯೇ ತೋಟ ಮಾಡುವ ಕನ್ನಡದವರೊಬ್ಬರು ಕೊಟ್ಟರು. ಹಬ್ಬುವ ನಾಡ ಅವರೆ ಒಂದು ಹಿಡಿ, ಗಿಡ್ಡ ಅವರೆ ಒಂದು ಹಿಡಿ.

ಆ ಗಿಡ್ಡ ಅವರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅನ್ನುವ ತಳಿಗಳನ್ನು ಬೆಳೆಸಿದ್ದಾರೆ. ಎಚ್‌ಎ-3, ಎಚ್‌ಎ-4 ಅಂತ ರೈತರು ಕರೆಯುವುದು ಅದನ್ನೇ. ಅವು ರಾತ್ರಿಯ ಲೆಕ್ಕಕ್ಕೆ ಕಾಯುವುದಿಲ್ಲ. ಯಾವ ತಿಂಗಳು ಬಿತ್ತಿದರೂ ಹೂ ಬಿಡುತ್ತವೆ. ಈಗ ಊರಲ್ಲಿ ವರ್ಷವಿಡೀ ಅವರೆಕಾಯಿ ಸಿಗುವುದು ಇಂಥ ತಳಿಗಳಿಂದಲೇ. ನಮಗೆ ಸಿಕ್ಕಿದ್ದೂ ಅಂಥ ಬೀಜವೇ. ಜುಲೈ ಮೊದಲ ವಾರ ಬಿತ್ತಿದೆವು, ಸೆಪ್ಟೆಂಬರಿನಲ್ಲಿ ಎರಡು ಸಲ ಸಾರಿಗಾಗುವಷ್ಟು ಕಾಯಿ ಬಂತು. ಅಮ್ಮ ಒಂದು ಕಾಯಿ ಮೂಸಿ ನೋಡಿ, "ಕಾಯೇನೋ ಚೆನ್ನಾಗದೆ, ಸೊಗಡಿಲ್ಲ" ಅಂದರು. ಇಲ್ಲಿ ನೆಲೆ ನಿಂತವರಿಗೆ ಆ ತಳಿ ದೊಡ್ಡ ಉಪಕಾರ, ನಾನು ಅದನ್ನೇ ಎಲ್ಲರಿಗೂ ಹೇಳುವುದು. ಆದರೂ ಅಮ್ಮ ಹೇಳಿದ್ದು ನಿಜ.

ಹಬ್ಬುವ ಅವರೆಗೆ ಜಾಗ ಆರಿಸಿದ್ದು ಅಮ್ಮ. ಮನೆಯ ಹಿಂಬದಿ ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ ಇದೆ. ಒಂದು ಸಂಜೆ ಅಮ್ಮ ಅದರ ಮೇಲೆ ಅಂಗೈ ಇಟ್ಟರು. "ಹೊತ್ತು ಮುಳುಗಿದ ಮೇಲೂ ಬೆಚ್ಚಗೈತೆ ನೋಡು. ಇಲ್ಲೇ ಹಾಕೋಣ." ಜೂನ್ ಕೊನೆಯಲ್ಲಿ ಗೋಡೆಯ ಬುಡಕ್ಕೆ ಹನ್ನೆರಡು ಗುಣಿ ತೆಗೆದು, ಒಂದೊಂದಕ್ಕೂ ಎರಡು ಕಾಳು ಹಾಕಿದೆವು. ಗೋಡೆಗೆ ಒಂದಡಿ ಬಿಟ್ಟು ದಾರ ಕಟ್ಟಿದೆವು.

ಮಿಕ್ಕ ಮಡಿಗಳಿಗೆ ಅಮ್ಮನದೇ ಪಂಚಾಂಗ. ನಾನು ಆಗಸ್ಟ್ 24 ಅಂದರೆ ಅವರಿಗೆ ತಲೆಗೆ ಹೋಗುತ್ತಿರಲಿಲ್ಲ. ಗೌರಿ ಹಬ್ಬದ ಆಚೆ ಈಚೆ ಮೂಲಂಗಿ, ಪಕ್ಷಮಾಸದಲ್ಲಿ ಮೆಂತ್ಯ ಮತ್ತು ಕೊತ್ತಂಬರಿ, ನವರಾತ್ರಿ ಕಳೆದ ಮೇಲೆ ಬೆಳ್ಳುಳ್ಳಿ, ಹೀಗೆ ಕೂರಿಸಿಕೊಂಡರು. ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ದೀಪಾವಳಿ ಮತ್ತು ಇಲ್ಲಿಯ ಮೊದಲ ಫ್ರಾಸ್ಟ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಹಾಗಾಗಿ ದೀಪಾವಳಿಯಿಂದ ಹಿಂದಕ್ಕೆ ಎಣಿಸು ಅಂದರೆ ಸಾಕಿತ್ತು.

ಕೊತ್ತಂಬರಿಯ ಬಗ್ಗೆ ಇಲ್ಲಿ ಎಲ್ಲರದೂ ಒಂದೇ ದೂರು. ಏಪ್ರಿಲಿನಲ್ಲಿ ಹಾಕಿದ್ದು ಜೂನಿಗೆ ಹೂವಿಗೆ ಹೋಯಿತು ಅಂತ. ಬಿಸಿಲೂ ಉದ್ದದ ಹಗಲೂ ಸೇರಿದರೆ ಅದು ಹಾಗೆಯೇ. ಸೆಪ್ಟೆಂಬರಿನಲ್ಲಿ ಹಾಕಿ ನೋಡಿ. ಹೊತ್ತು ಕುಗ್ಗುವಾಗ ಅದಕ್ಕೆ ಹೂ ಬಿಡುವ ಅವಸರವೇ ಇರುವುದಿಲ್ಲ. ತಿಂಗಳುಗಟ್ಟಲೆ ಎಲೆ ಕೊಡುತ್ತದೆ. ನನ್ನ ಮಗಳಿಗೆ ಅಜ್ಜಿ ಬೀಜ ಒಡೆಯುವುದನ್ನು ಕಲಿಸಿದರು. ಸಿಮೆಂಟ್ ಕಟ್ಟೆಯ ಮೇಲೆ ಧನಿಯಾ ಹರಡಿ, ಚಪ್ಪಲಿಯಿಂದ ಮೆಲ್ಲಗೆ ಉಜ್ಜಬೇಕು. ಒಂದು ಬೀಜ ಎರಡು ಹೋಳಾಗಬೇಕು, ಪುಡಿಯಾಗಬಾರದು. ಅವಳು ಮೊದಲು ಜೋರಾಗಿ ಉಜ್ಜಿದಳು. "ಮೆತ್ತಗೆ ಮಗಾ, ಅದಕ್ಕೆ ನೋವಾಗ್ದಂಗೆ" ಅಂದರು ಅಜ್ಜಿ. ಆಮೇಲೆ ರಾತ್ರಿ ನೆನೆಹಾಕಿ, ಬಿತ್ತಿ, ಮೇಲೆ ಒದ್ದೆ ಗೋಣಿತಾಟು ಹಾಸಿದರು. ಕ್ಯಾರೆಟ್ ಮಡಿಗೂ ಅದೇ ಗೋಣಿತಾಟು. ಆಗಸ್ಟಿನ ನೆಲದ ಬಿಸಿಗೆ ಕ್ಯಾರೆಟ್ ಬೀಜ ಒಣಗಿ ಹೋಗುತ್ತದೆ, ಮೊಳಕೆ ಕಾಣುವವರೆಗೆ ತಂಪು ಬಿಡಬಾರದು. ಮೊಳಕೆ ಕಂಡ ದಿನವೇ ತಾಟು ತೆಗೆಯಬೇಕು. ಒಂದು ದಿನ ತಡವಾದರೂ ಬಿಳಿಚಿಕೊಂಡು ಉದ್ದವಾಗುತ್ತವೆ.

ಜಿಂಕೆಗಳ ವಿಷಯ ಹೆಚ್ಚು ಹೇಳುವುದಿಲ್ಲ. ಎಂಟಡಿ ಬೇಲಿ ಇಲ್ಲದಿದ್ದರೆ ತೋಟವೂ ಇಲ್ಲ.

ಪಕ್ಕದ ಮನೆಯಲ್ಲಿ ವಯಸ್ಸಾದವರೊಬ್ಬರಿದ್ದಾರೆ. ಈ ರಾಜ್ಯದ ಪೂರ್ವ ಭಾಗದಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿ ಬೆಳೆದವರು. ಅವರ ಹಿತ್ತಲಲ್ಲಿ ಒಂದೇ ಬೆಳೆ, ಕಾಲರ್ಡ್ ಸೊಪ್ಪು. ನವಿಲುಕೋಸಿನ ಎಲೆಯಂಥದ್ದೇ ದಪ್ಪ, ನೀಲಿ ಹಸಿರು ಎಲೆ. ಅಮ್ಮ ಅದಕ್ಕೆ "ಗಡ್ಡೆ ಕಟ್ಟದ ಕೋಸು" ಅಂತ ಹೆಸರಿಟ್ಟರು. ಆ ಹೆಸರು ಸರಿಯಾಗಿಯೇ ಇದೆ. ಎಲೆಕೋಸು, ಹೂಕೋಸು, ನವಿಲುಕೋಸು, ಕಾಲರ್ಡ್, ಕೇಲ್ ಎಲ್ಲ ಒಂದೇ ಜಾತಿಯ ಗಿಡಗಳು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಬೇಲಿಯ ಆಚೆ ಈಚೆ ನಿಂತು ಇಬ್ಬರೂ ಎಲೆ ಮಗುಚಿ ಹಸಿರು ಹುಳ ಹುಡುಕುತ್ತಿದ್ದರು. ಅಕ್ಟೋಬರಿನಲ್ಲಿ ಅಮ್ಮ ಸೊಪ್ಪು ಕೇಳಿದಾಗ ಅವರು ಕೈ ಅಡ್ಡ ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಫ್ರಾಸ್ಟ್ ಬೀಳಲಿ, ಆಮೇಲೆ ಕೊಡುತ್ತೇನೆ, ಅಲ್ಲಿಯವರೆಗೆ ಅದಕ್ಕೆ ರುಚಿಯಿಲ್ಲ ಅಂದರು.

ಅದು ಬರೀ ನಂಬಿಕೆಯ ಮಾತಲ್ಲ. ಚಳಿ ತಗುಲಿದಾಗ ಈ ಗಿಡಗಳು ತಮ್ಮಲ್ಲಿರುವ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತವೆ. ಸಕ್ಕರೆ ಕರಗಿದ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಎಲೆ ತನ್ನ ಜೀವ ಉಳಿಸಿಕೊಳ್ಳಲು ಮಾಡಿಕೊಂಡದ್ದು ನಮ್ಮ ನಾಲಿಗೆಗೆ ಸಿಹಿ. ಕ್ಯಾರೆಟ್ಟಿನದೂ ಇದೇ ಕಥೆ. ಡಿಸೆಂಬರಿನಲ್ಲಿ ಕಿತ್ತ ಕ್ಯಾರೆಟ್ ತಿಂದ ಮೇಲೆ ಅಂಗಡಿಯದು ಬಾಯಿಗೆ ಹತ್ತುವುದಿಲ್ಲ.

ಈಗ ಅವರೆಗೆ ಬರುತ್ತೇನೆ. ಸೆಪ್ಟೆಂಬರ್ ಕೊನೆಗೆ ಹೂವಿನ ಕಡ್ಡಿ ಬಂದವು. ಆದರೆ ಗೋಡೆಯ ಒಂದು ಕಡೆ ಮಾತ್ರ. ಎಡಗಡೆಯ ಎಂಟು ಗುಣಿಯಲ್ಲಿ ಹೂ, ಬಲಗಡೆಯ ನಾಲ್ಕರಲ್ಲಿ ಬರೀ ಎಲೆ. ಒಂದೇ ಬೀಜ, ಒಂದೇ ದಿನ ಬಿತ್ತಿದ್ದು, ಒಂದೇ ಗೊಬ್ಬರ, ಒಂದೇ ಗೋಡೆ. ಬೇರಿಗೆ ಹುಳ ಬಿದ್ದಿದೆಯೇನೋ ಅಂತ ಮಣ್ಣು ಕೆದಕಿ ನೋಡಿದೆ. ಏನೂ ಇರಲಿಲ್ಲ. ಅಮ್ಮ ಎರಡು ಮೂರು ದಿನ ಏನೂ ಹೇಳಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅದರ ಮುಂದೆ ನಿಲ್ಲುತ್ತಿದ್ದರು, ಸಂಜೆಯೂ ಹೋಗಿ ನಿಲ್ಲುತ್ತಿದ್ದರು.

ಒಂದು ರಾತ್ರಿ ಹತ್ತು ಗಂಟೆ ಸುಮಾರಿಗೆ ಹಿಂದಿನ ಬಾಗಿಲಿಂದ ಕರೆದರು. "ಬಾರೆ ಇಲ್ಲಿ." ಹೋದೆ. ಹಿಂಬಾಗಿಲ ಮೇಲೆ ಒಂದು ದೀಪ ಇದೆ. ಭದ್ರತೆಗೆ ಅಂತ ರಾತ್ರಿಯೆಲ್ಲ ಉರಿಯುವುದು. ಅಮ್ಮ ಕೈಯಿಂದ ತೋರಿಸಿದರು. ದೀಪದ ಬೆಳಕು ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಬೆಳಕು ಮುಗಿದು ನೆರಳು ಶುರುವಾಗುವ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಗೆರೆಯ ಆಚೆ ಹೂ. ಈಚೆ ಎಲೆ.

"ಇದಕ್ಕೆ ರಾತ್ರೀನೇ ಆಗಿಲ್ಲ ಕಣೆ, ಪಾಪ," ಅಂದರು ಅಮ್ಮ.

ನಾನು ಆ ಗೆರೆಯನ್ನೇ ನೋಡುತ್ತ ನಿಂತೆ. ಓದಿ ಮರೆತಿದ್ದ ಆ ವಾಕ್ಯ ನಮ್ಮ ಗೋಡೆಯ ಮೇಲೆ ಬರೆದ ಹಾಗೆ ಇತ್ತು. ಅಮ್ಮ ಗಾರ್ನರ್ ಹೆಸರೂ ಕೇಳಿಲ್ಲ, ಅಲಾರ್ಡ್ ಹೆಸರೂ ಕೇಳಿಲ್ಲ. ಹೊಲದಲ್ಲಿ ಅವರೆ ಯಾವಾಗ ಏನು ಮಾಡುತ್ತದೆ ಅಂತ ಐವತ್ತು ವರ್ಷ ನೋಡಿದವರು. ಊರಲ್ಲಿ ಬೀದಿ ದೀಪದ ಕೆಳಗಿನ ಅವರೆ ಸಾಲು ತಡವಾಗಿ ಹೂ ಬಿಡುತ್ತಿತ್ತು ಅಂತ ಆಮೇಲೆ ನೆನಪು ಮಾಡಿಕೊಂಡರು. ಆ ರಾತ್ರಿಯೇ ದೀಪ ಆರಿಸಿದೆವು. ನಮ್ಮವರು ಅದಕ್ಕೆ ಯಾರಾದರೂ ಬಂದರೆ ಮಾತ್ರ ಹತ್ತುವ ಬಲ್ಬ್ ಹಾಕಿದರು. ಬಲಗಡೆಯ ನಾಲ್ಕು ಗುಣಿಯಲ್ಲಿ ಹೂ ಕಂಡಿದ್ದು ಅಕ್ಟೋಬರ್ ನಡುವಿಗೆ. ಅದು ತಡವಾಯಿತು, ಕಾಯಿ ಆಗಲಿಲ್ಲ. ಆದರೆ ಹೂವಂತೂ ಬಂತು.

ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅವತ್ತಿನಿಂದ ಐದೂ ಕಾಲಿಗೇ ಕತ್ತಲು. ಆ ವಾರದ ಮಧ್ಯದಲ್ಲಿ ರಾತ್ರಿ ಸೊನ್ನೆ ಡಿಗ್ರಿಗೆ ಇಳಿಯುತ್ತದೆ ಅಂತ ಹವಾಮಾನದವರು ಹೇಳಿದರು. ಎಡಗಡೆಯ ಬಳ್ಳಿಯಲ್ಲಿ ಕಾಯಿ ತುಂಬುತ್ತಿತ್ತು. ಇನ್ನೂ ಒಂದು ವಾರ ಬೇಕಿತ್ತು. ಮನೆಯಲ್ಲಿದ್ದ ಹಳೆ ಬೆಡ್‌ಶೀಟು, ಅಮ್ಮನ ಎರಡು ಹತ್ತಿ ಸೀರೆ, ಎಲ್ಲ ತಂದು ಗೋಡೆಯ ಮೇಲಿನಿಂದ ಇಳಿಬಿಟ್ಟೆವು. ಬಟ್ಟೆಯ ಅಂಚು ನೆಲಕ್ಕೆ ತಾಗಬೇಕು, ಕಲ್ಲು ಇಡಬೇಕು. ನೆಲದ ಬಿಸಿ ಮೇಲೇಳುವುದನ್ನು ಹಿಡಿದಿಡುವುದೇ ಅದರ ಕೆಲಸ. ಗಿಡದ ತಲೆಗೆ ಮಾತ್ರ ಟೋಪಿ ಹಾಕಿದ ಹಾಗೆ ಸುತ್ತಿದರೆ ಪ್ರಯೋಜನವಿಲ್ಲ. ಆ ರಾತ್ರಿ ಅಮ್ಮ ಎರಡು ಸಲ ಎದ್ದು ಕಿಟಕಿಯಿಂದ ನೋಡಿದರಂತೆ.

ಬೆಳಿಗ್ಗೆ ಹುಲ್ಲೆಲ್ಲ ಬಿಳಿ. ಮಡಿಯಲ್ಲಿದ್ದ ತುಳಸಿ ಕಪ್ಪಾಗಿತ್ತು. ಬದನೆ ಮುಗಿದಿತ್ತು. ಸೀರೆ ಎತ್ತಿದೆವು. ಮೇಲಿನ ಒಂದೆರಡು ಕುಡಿ ಬಾಡಿದ್ದವು. ಕೆಳಗೆ ಗೋಡೆಗೆ ಒತ್ತಿಕೊಂಡು ಹಸಿರಾಗಿಯೇ ಇತ್ತು. ಅಮ್ಮ ಗೋಡೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿದರು.

ಹೀಗೆ ಮೂರು ರಾತ್ರಿ ಹೊದಿಸಿದೆವು. ನಾಲ್ಕನೆಯದಕ್ಕೆ ಇನ್ನೂ ದೊಡ್ಡ ಚಳಿ ಅಂತ ಗೊತ್ತಾಯಿತು. ಇದ್ದಬದ್ದ ಕಾಯಿ ಎಲ್ಲ ಕಿತ್ತುಬಿಡೋಣ ಅಂದರು ಅಮ್ಮ. ನಾನು ಟಾರ್ಚ್ ಹಿಡಿದೆ, ಅವರು ಕಿತ್ತರು. ಕೈ ಮರಗಟ್ಟುತ್ತಿತ್ತು. ಒಂದು ಪುಟ್ಟ ಬುಟ್ಟಿ ತುಂಬಿತು, ಅಷ್ಟೇ. ಒಳಗೆ ಬಂದು ನ್ಯೂಸ್‌ಪೇಪರ್ ಹಾಸಿಕೊಂಡು ಸುಲಿಯಲು ಕೂತೆವು. ಮಗಳು ಅಜ್ಜಿಯ ತೊಡೆಗೆ ಒರಗಿಕೊಂಡಳು. ಹತ್ತು ಕಾಯಿ ಸುಲಿಯುವಷ್ಟರಲ್ಲಿ ಬೆರಳೆಲ್ಲ ಅಂಟಂಟು. ಅಮ್ಮ ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡರು. ಆಮೇಲೆ ನನ್ನ ಮೂಗಿಗೆ ಹಿಡಿದರು.

ಸೊಗಡಿತ್ತು. ಮಾಗಡಿಯ ಪುಷ್ಯಮಾಸದಷ್ಟಿರಲಿಲ್ಲ, ಆದರೆ ಇತ್ತು. ಆ ವಾಸನೆಗೆ ನಾನು ಹದಿನಾಲ್ಕು ವರ್ಷದಿಂದ ಕಾದಿದ್ದೆ.

ಮಾರನೇ ದಿನ ನೆನೆಹಾಕಿ, ಹಿತುಕಿ, ಹಿತುಕಿದ ಬೇಳೆ ಸಾರು ಮಾಡಿದರು. ಐದು ಜನಕ್ಕೆ ಒಂದೊಂದು ಸೌಟು. ಐದನೆಯವರು ಪಕ್ಕದ ಮನೆಯವರು. ಅವರು ಅದಕ್ಕೆ ಬದಲಾಗಿ ಕಾಲರ್ಡ್ ಸೊಪ್ಪಿನ ಒಂದು ದೊಡ್ಡ ಕಟ್ಟು ಕೊಟ್ಟರು. ಅಮೆರಿಕದ ಈ ದಕ್ಷಿಣ ಭಾಗದಲ್ಲಿ ಹೊಸ ವರ್ಷದ ದಿನ ಕಾಲರ್ಡ್ ಸೊಪ್ಪು ಮತ್ತು ಅಲಸಂದೆ ಕಾಳು ತಿನ್ನುವುದು ಪದ್ಧತಿ. ಸೊಪ್ಪೂ ಕಾಳೂ ಒಂದೇ ಊಟಕ್ಕೆ ಅಂದ ಮೇಲೆ ಅಮ್ಮನಿಗೆ ಹೇಳಿಕೊಡಬೇಕೇ? ಎರಡನ್ನೂ ಬೇಯಿಸಿ, ಬಸಿದು, ಕಟ್ಟಿನಿಂದ ಬಸ್ಸಾರು ಮಾಡಿದರು, ಮಿಕ್ಕಿದ್ದು ಪಲ್ಯ. ಹೊಸ ವರ್ಷಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಅಷ್ಟರೊಳಗೆ ಅಮ್ಮ ಊರಿಗೆ ಹೊರಡಬೇಕಿತ್ತು.

ಹೊರಡುವ ಹಿಂದಿನ ದಿನ ಒಣಗಿದ ಅವರೆ ಬಳ್ಳಿಯನ್ನು ದಾರದಿಂದ ಬಿಡಿಸಿದೆವು. ಬೇರು ಕೀಳಬೇಡ, ಮಣ್ಣಲ್ಲೇ ಇರಲಿ ಅಂದರು. ಅವರೆ ಬೇರಿನ ಗಂಟುಗಳಲ್ಲಿ ಸಾರಜನಕ ಇರುತ್ತದೆ, ಮುಂದಿನ ಬೆಳೆಗೆ ಬೇಕು. ಬಳ್ಳಿ ಕತ್ತರಿಸಿ ಬೆಳ್ಳುಳ್ಳಿ ಮಡಿಯ ಮೇಲೆ ಹೊದಿಸಿದರು. ನಾಲ್ಕು ಕಾಯಿಯನ್ನು ಮಾತ್ರ ಅವರು ಆ ರಾತ್ರಿ ಕೀಳದೆ, ಬೇಕಂತಲೇ ಬಳ್ಳಿಯಲ್ಲಿ ಬಲಿಯಲು ಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಎಲ್ಲಕ್ಕಿಂತ ಮೊದಲು ಹೂ ಬಿಟ್ಟ ಗುಣಿಯ ಕಾಯಿಗಳು ಅವು. ಸುಲಿದರೆ ಹದಿಮೂರು ಕಾಳು. ಅವನ್ನು ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿ, ಅಡುಗೆಮನೆಯ ಕಿಟಕಿ ಮೊಳೆಗೆ ನೇತುಹಾಕಿದರು. "ಮುಂಚೆ ಹೂ ಬಿಟ್ಟದ್ದನ್ನೇ ಬೀಜಕ್ಕಿಟ್ಕೊ. ಐದಾರು ವರ್ಷ ಹಿಂಗೇ ಮಾಡು. ಅದಕ್ಕೂ ಈ ಊರು ಗೊತ್ತಾಗ್ತದೆ," ಅಂದರು.

ಜನವರಿಯಲ್ಲಿ ಅಮ್ಮ ಫೋನ್ ಮಾಡಿದರು. ಅಲ್ಲಿ ಬೆಳಿಗ್ಗೆ, ಇಲ್ಲಿ ರಾತ್ರಿ. ಅವರ ಹಿಂದೆ ಹೊಲದ ಬದುವಿನಲ್ಲಿ ಅವರೆ ಹೂವೂ ಕಾಯೂ ಒಟ್ಟಿಗೇ ಇತ್ತು, ಎಲೆ ಮೇಲೆ ಇಬ್ಬನಿ. ನಾನು ಟಾರ್ಚ್ ಹಾಕಿಕೊಂಡು ಹಿತ್ತಲಿಗೆ ಹೋದೆ. ಮೂಲಂಗಿ ಮಡಿಯ ಬಿಳಿ ಬಟ್ಟೆ ಎತ್ತಿ ಒಂದು ಕಿತ್ತು ತೋರಿಸಿದೆ. ಮೊಳಕೈ ಉದ್ದ ಇತ್ತು.

"ಅಯ್ಯೋ, ಬೇಗ ದೀಪ ಆರ್ಸೆ," ಅಂದರು ಅಮ್ಮ. ಈಗ ಅಲ್ಲಿ ಅವರೆ ಇಲ್ಲಮ್ಮ ಅಂದೆ. ಅವರು ಕೇಳಲಿಲ್ಲ. ಟಾರ್ಚ್ ಆರಿಸಿ, ಕತ್ತಲಲ್ಲೇ ನಿಂತು ಉಳಿದದ್ದನ್ನು ಮಾತಾಡಿದೆವು.